ಸರಪಳಿಯ ತುದಿಯಲ್ಲಿ ಸಿಟ್ಟು

ಬನದ ಹುಣ್ಣಿಮೆ ಬಂತೆಂದರೆ ಚೊಳಚಗುಡ್ಡದಲ್ಲಿ ಮನೆ ತುಂಬ ನೆಂಟರು. ಬನಶಂಕರಿಯ ತೇರು ಎಳೆದು ಮುಗಿದರೂ ಜಾತ್ರೆ ಮುಗಿಯುವುದಿಲ್ಲ, ವಾರಗಟ್ಟಲೆ ನಡೆಯುತ್ತದೆ. ನಾಟಕ ಕಂಪನಿಗಳ ಮೈಕು ನಡುರಾತ್ರಿ ದಾಟಿದ ಮೇಲೂ ಕೂಗುತ್ತಿರುತ್ತದೆ. ಹಗಲಿಗೆ ಬಾಗಿಲ ಚೌಕಟ್ಟು ಕೊಳ್ಳಲು ಬಂದವರ ಟಂಟಂ, ಟ್ರ್ಯಾಕ್ಟರುಗಳ ಸಾಲು. ಅಂಗಳದಲ್ಲಿ ಗುರುತಿಲ್ಲದ ಚಪ್ಪಲಿಗಳ ರಾಶಿ.

ಅಂಥದೊಂದು ಅಂಗಳದ ಬೇವಿನ ಮರದ ಬುಡಕ್ಕೆ ನಾಯಿ ಕಟ್ಟಿರುತ್ತಾರೆ. ಸರಪಳಿ ನಾಲ್ಕಡಿ ಇದ್ದೀತು. ನೆರಳು ಎತ್ತ ಸರಿದರೂ ಅದು ಅಷ್ಟರಲ್ಲೇ ಸುತ್ತಬೇಕು. ರಾತ್ರಿ ನಿದ್ದೆಯಿಲ್ಲ, ಹೊಸ ಮುಖ ಕಂಡಾಗೆಲ್ಲ ಬೊಗಳಿ ಗಂಟಲು ಒಣಗಿದೆ. ಬಾಗಿಲಲ್ಲಿ ನಿಂತ ಮನೆಯವರು, ‘ಬರ್ರಿ, ಬರ್ರಿ, ಅಂಜಬ್ಯಾಡ್ರಿ, ನಮ್ಮ ನಾಯಿ ಕಡಿಯಂಗಿಲ್ಲ’ ಎಂದು ನೆಂಟರನ್ನು ಕರೆಯುತ್ತಾರೆ. ಅವರ ಜತೆ ಬಂದ ಐದಾರು ವರ್ಷದ ಹುಡುಗ ಕೈಯಲ್ಲಿದ್ದ ಬತ್ತಾಸು ತೋರಿಸುತ್ತ ನಾಯಿಯ ಹತ್ತಿರ ಹೋಗುತ್ತಾನೆ. ನಾಯಿ ಮುಖ ಆಚೆ ತಿರುಗಿಸುತ್ತದೆ. ಮೂಗು ನೆಕ್ಕಿಕೊಳ್ಳುತ್ತದೆ. ಹಿಂದೆ ಸರಿಯಲು ನೋಡುತ್ತದೆ, ಸರಪಳಿ ಬಿಗಿಯುತ್ತದೆ. ಹುಡುಗ ಇನ್ನೂ ಬಗ್ಗುತ್ತಾನೆ. ಆಮೇಲೆ ಚೀರಾಟ, ರಕ್ತ, ಬಡಿಗೆ. ‘ಇಷ್ಟ್ ದಿನಾ ಹಿಂಗ ಮಾಡಿದ್ದಿಲ್ರಿ, ಇವತ್ತೇನಾತೋ ಏನೋ’ ಎಂಬ ಮಾತು.

ಜಾತ್ರೆ ಇಲ್ಲದ ಊರಲ್ಲೂ ಇದೇ ಮಾತು ಕೇಳುತ್ತದೆ. ಬಾಗಲಕೋಟೆಯ ನವನಗರದ ಗೇಟಿನ ಮನೆಗಳಲ್ಲಿ, ಇಳಕಲ್ಲಿನ ಓಣಿಗಳಲ್ಲಿ, ಬೆಂಗಳೂರಿನ ಬಹುಮಹಡಿ ಕಟ್ಟಡಗಳ ಲಿಫ್ಟಿನಲ್ಲಿ ಸಾಕಿದ ನಾಯಿ ಕಚ್ಚಿದಾಗೆಲ್ಲ ಅದು ಸಿಡಿಲಿನಂತೆ ಬಂದೆರಗಿತು ಎಂದೇ ಮನೆಯವರಿಗೆ ಅನ್ನಿಸುತ್ತದೆ. ಆದರೆ ನಾಯಿಯ ಸಿಟ್ಟಿಗೆ ಕಾರಣವಿರುತ್ತದೆ, ಅದು ಬೆಳೆದು ಬಂದ ದಾರಿಯಿರುತ್ತದೆ. ಆ ದಾರಿಯ ಬಹುಭಾಗವನ್ನು ಹಾಕಿಕೊಟ್ಟವರು ಸಾಕಿದವರೇ.

ಕಚ್ಚುವ ಮೊದಲು ಹೇಳಿದ್ದು

ಬೇವಿನ ಮರದಡಿಯ ನಾಯಿ ಹುಡುಗನಿಗೆ ಮೂರು ಸಲ ‘ಬೇಡ’ ಎಂದು ಹೇಳಿತ್ತು. ಮುಖ ತಿರುಗಿಸಿದ್ದು, ಮೂಗು ನೆಕ್ಕಿದ್ದು, ಹಿಂದೆ ಸರಿದದ್ದು ಮೂರೂ ನಾಯಿಯ ಭಾಷೆಯಲ್ಲಿ ಒಂದೇ ಕೋರಿಕೆ: ನನ್ನಿಂದ ದೂರ ಇರು.

ಬ್ರಿಟನ್ನಿನ ಪಶುವೈದ್ಯೆ ಕೆಂಡಲ್ ಶೆಪರ್ಡ್ ಈ ಸೂಚನೆಗಳನ್ನೆಲ್ಲ ಒಂದು ಏಣಿಯ ಮೆಟ್ಟಿಲುಗಳಾಗಿ ಜೋಡಿಸಿ ತೋರಿಸಿದ್ದಾರೆ. ಕೆಳಗಿನ ಮೆಟ್ಟಿಲುಗಳಲ್ಲಿ ಆಕಳಿಕೆ, ಕಣ್ಣು ಮಿಟುಕಿಸುವುದು, ಮೂಗು ನೆಕ್ಕುವುದು, ಮುಖ ಹೊರಳಿಸುವುದು. ಅದರ ಮೇಲೆ ಮೈ ತಿರುಗಿಸಿ ಕೂರುವುದು, ಎದ್ದು ಹೋಗುವುದು. ಇನ್ನೂ ಮೇಲೆ ಕಿವಿ ಹಿಂದಕ್ಕೆ ಒತ್ತಿ ಬಾಲ ಕಾಲ ನಡುವೆ ಮುದುರುವುದು. ಆಮೇಲೆ ಮೈಯೆಲ್ಲ ಮರಗಟ್ಟಿದಂತೆ ಬಿಗಿಯಾಗಿ, ರೆಪ್ಪೆ ಬಡಿಯದ ನೋಟ. ನಂತರ ಗುರುಗುಟ್ಟುವಿಕೆ, ಗಾಳಿಯಲ್ಲಿ ಕಚ್ಚುವುದು. ಕೊನೆಯ ಮೆಟ್ಟಿಲು ಹಲ್ಲು ಊರುವುದು. ಪ್ರತಿ ಸಲವೂ ನಾಯಿ ಈ ಮೆಟ್ಟಿಲುಗಳನ್ನು ಕ್ರಮವಾಗಿ ಹತ್ತುತ್ತದೆ ಎಂದಲ್ಲ. ಕೆಳಗಿನ ಮೆಟ್ಟಿಲಲ್ಲಿ ಹೇಳಿದ್ದು ಯಾರ ಕಿವಿಗೂ ಬೀಳಲಿಲ್ಲ ಎಂದು ಗೊತ್ತಾದ ನಾಯಿ ಮುಂದಿನ ಸಲ ನೇರ ಮೇಲಿನ ಮೆಟ್ಟಿಲಿಗೇ ಹೋಗುತ್ತದೆ.

ಬಾಲ ಅಲ್ಲಾಡಿತೆಂದರೆ ನಾಯಿಗೆ ಖುಷಿ ಎಂದು ನಂಬಿದವರು ಬಹಳ. ಮೈಯೆಲ್ಲ ಸಡಿಲಾಗಿ, ಸೊಂಟದ ಸಮೇತ ತೂಗುವ ಬಾಲ ಬೇರೆ. ಬಿಗಿಯಾಗಿ ಮೇಲೆತ್ತಿ ಗಡಗಡ ನಡುಗಿಸುವ ಬಾಲ ಬೇರೆ. ಎರಡನೆಯದನ್ನು ಕಂಡರೆ ನಿಂತಲ್ಲೇ ನಿಲ್ಲಬೇಕು. ಚುರುಕಾಗಲಿ, ಸಿಟ್ಟು ಹೆಚ್ಚಲಿ ಎಂದು ಮರಿಯ ಕಿವಿ, ಬಾಲ ಕತ್ತರಿಸುವ ಪದ್ಧತಿ ಕೆಲವೆಡೆ ಇನ್ನೂ ಇದೆ. ನೋವು ಕೊಟ್ಟದ್ದು ಒಂದಾದರೆ, ಎದುರಿನವರಿಗೆ ಮನಸ್ಸು ತಿಳಿಸುವ ಎರಡು ಮುಖ್ಯ ಅಂಗಗಳನ್ನೇ ಅದರಿಂದ ಕಸಿದದ್ದು ಇನ್ನೊಂದು.

ಗುರುಗುಟ್ಟಿದ ನಾಯಿಗೆ ಬಾರಿಸುವುದು ನಮ್ಮಲ್ಲಿ ತೀರ ಸಾಮಾನ್ಯ. ಪೆಟ್ಟು ತಿಂದ ನಾಯಿ ಗುರುಗುಟ್ಟುವುದನ್ನು ಬಿಡುತ್ತದೆ, ಗುರುಗುಟ್ಟಲು ಕಾರಣವಾದ ಭಯ ಮಾತ್ರ ಒಳಗೇ ಉಳಿಯುತ್ತದೆ. ಸದ್ದಿಲ್ಲದೆ ಕಚ್ಚುವ ನಾಯಿ ತಯಾರಾಗುವುದು ಹೀಗೆ. ನಾಯಿ ಸಾಕಿದವರಿಗೆ ಒಂದೇ ಒಂದು ಮಾತು ಹೇಳಲು ಅವಕಾಶ ಸಿಕ್ಕರೆ ನಾನು ಇದನ್ನೇ ಹೇಳುತ್ತೇನೆ: ಗುರುಗುಟ್ಟಿದ್ದಕ್ಕೆ ಹೊಡೆಯಬೇಡಿ, ಏನನ್ನು ಕಂಡು ಗುರುಗುಟ್ಟಿತು ಎಂದು ನೋಡಿ.

ಭಯ, ನೋವು, ಗಳಿಕೆ

ಮನೆನಾಯಿಗಳ ಸಿಟ್ಟಿನಲ್ಲಿ ಬಹುಪಾಲು ಭಯದಿಂದ ಹುಟ್ಟಿದ್ದು. ಇದು ಮೊದಲಿಗೆ ನಂಬಿಕೆಯಾಗುವುದಿಲ್ಲ, ಏಕೆಂದರೆ ಎದೆ ಮುಂದೆ ಮಾಡಿ ನುಗ್ಗಿ ಬರುವ ನಾಯಿ ನೋಡಲು ಧೈರ್ಯಶಾಲಿಯಾಗಿಯೇ ಕಾಣುತ್ತದೆ. ಅದು ನುಗ್ಗುವುದು ಎದುರಿನವರು ತಾವಾಗಿ ದೂರ ಹೋಗಲಿ ಎಂದು.

ಹಾಲಿನವನನ್ನು ನೆನೆಸಿಕೊಳ್ಳಿ. ದಿನಾ ಬೆಳಿಗ್ಗೆ ಬರುತ್ತಾನೆ, ನಾಯಿ ಬೊಗಳುತ್ತದೆ, ಹಾಲು ಹಾಕಿ ಹೊರಟುಹೋಗುತ್ತಾನೆ. ಅವನು ಹೇಗಿದ್ದರೂ ಹೋಗುವವನೇ. ಆದರೆ ನಾಯಿಗೆ ತಿಳಿಯುವುದು, ತಾನು ಬೊಗಳಿದೆ, ಅವನು ಓಡಿದ ಎಂದು. ದಿನಕ್ಕೊಂದು ಗೆಲುವು. ವರ್ಷ ಕಳೆಯುವಷ್ಟರಲ್ಲಿ ಬೊಗಳುವುದು ನುಗ್ಗುವುದಾಗಿರುತ್ತದೆ. ಅಂಚೆಯವರು, ಮೀಟರ್ ನೋಡಲು ಬರುವವರು, ಆಶಾ ಕಾರ್ಯಕರ್ತೆಯರು ನಾಯಿಗಳ ಕಾಟ ಹೆಚ್ಚು ಉಣ್ಣುವುದಕ್ಕೆ ಈ ಗಳಿಕೆಯೂ ಒಂದು ಕಾರಣ.

ನೋವು ಇನ್ನೊಂದು ದೊಡ್ಡ ಕಾರಣ. ಕಿವಿಯೊಳಗೆ ಕೀವು, ಹುಳುಕು ಹಲ್ಲು, ಬೆರಳ ಸಂದಿಯಲ್ಲಿ ಉಣ್ಣಿ, ಸವೆದ ಕೀಲು ಇವು ಹೊರಗೆ ಕಾಣುವುದಿಲ್ಲ. ತಲೆ ಸವರಲು ಹೋದ ಕೈಗೆ ಹಲ್ಲು ತಾಗಿದಾಗ ‘ಪೊಗರು ಬಂದೈತಿ’ ಎಂದುಬಿಡುತ್ತೇವೆ. ವಯಸ್ಸಾದ ನಾಯಿಗೆ ಕಣ್ಣು, ಕಿವಿ ಮಂದವಾದಾಗ ನಿದ್ದೆಯಲ್ಲಿ ಮುಟ್ಟಿದರೆ ಬೆಚ್ಚಿ ಬಾಯಿ ಹಾಕುತ್ತದೆ. ಅದುವರೆಗೆ ಸೌಮ್ಯವಾಗಿದ್ದ ನಾಯಿಯ ನಡತೆ ಏಕಾಏಕಿ ಬದಲಾದರೆ ಮೊದಲು ಹೋಗಬೇಕಾದದ್ದು ಪಶುವೈದ್ಯರ ಬಳಿಗೆ.

ತಿನ್ನುವ ತಟ್ಟೆ, ಮೂಳೆ, ಮಲಗುವ ಜಾಗ ಕಾಯುವ ನಾಯಿ, ಮರಿ ಹಾಕಿದ ತಾಯಿ, ಗೇಟಿನಾಚೆಯ ನಾಯಿಯನ್ನು ಮುಟ್ಟಲಾಗದೆ ಪಕ್ಕದಲ್ಲಿದ್ದವರ ಮೇಲೆ ತಿರುಗುವ ನಾಯಿ ಇವೂ ಇವೆ. ಸಂತಾನಶಕ್ತಿಹರಣ ಮಾಡಿಸಿದರೆ ಎಲ್ಲ ಸರಿಹೋಗುತ್ತದೆ ಎಂಬುದು ಅರ್ಧ ನಿಜ. ಗಂಡು ನಾಯಿಯ ಅಲೆದಾಟ, ಹೆಣ್ಣಿಗಾಗಿ ಇತರ ಗಂಡುಗಳೊಡನೆ ಕಾದಾಟ ತಗ್ಗುತ್ತದೆ. ಭಯದಿಂದ ಹುಟ್ಟಿದ ಸಿಟ್ಟು ಅದರಿಂದ ಹೋಗುತ್ತದೆಂಬ ಭರವಸೆಯಿಲ್ಲ.

ಸರಪಳಿ ಮಾಡುವ ಕೆಲಸ

ಹೆದರಿದ ಪ್ರಾಣಿಯ ಮುಂದೆ ಎರಡು ದಾರಿ: ಓಡುವುದು, ಇಲ್ಲವೇ ತಿರುಗಿ ಬೀಳುವುದು. ಬಿಟ್ಟರೆ ಹೆಚ್ಚಿನ ನಾಯಿಗಳು ಓಡುವುದನ್ನೇ ಆರಿಸಿಕೊಳ್ಳುತ್ತವೆ. ಸರಪಳಿ ಆ ಮೊದಲ ದಾರಿಯನ್ನು ಮುಚ್ಚುತ್ತದೆ.

ಅದೂ ನಾವು ಕಟ್ಟುವ ಜಾಗ ಎಂಥದು ನೋಡಿ. ಮುಂಬಾಗಿಲ ಪಕ್ಕ, ಮನೆಗೆ ಬಂದವರೆಲ್ಲ ಹಾಯಲೇಬೇಕಾದ ಇಕ್ಕಟ್ಟಿನಲ್ಲಿ. ಓಣಿಯ ಹುಡುಗರು ಕಲ್ಲೆಸೆದರೂ ಅಲ್ಲೇ ಇರಬೇಕು, ‘ಛೂ’ ಎಂದು ಕೆರಳಿಸಿದರೂ ಅಲ್ಲೇ ಇರಬೇಕು, ಬೀದಿನಾಯಿ ಬಂದು ತನ್ನ ಅನ್ನ ತಿಂದರೂ ಅಲ್ಲೇ. ಪ್ರತಿ ಸಲ ಮುಂದೆ ಜಿಗಿದಾಗಲೂ ಕೊರಳಿಗೆ ಪಟ್ಟಿ ಒತ್ತುತ್ತದೆ. ಆ ನೋವು ಎದುರಿಗೆ ಕಂಡವರ ಲೆಕ್ಕಕ್ಕೆ ಸೇರುತ್ತದೆ. ಕೆಂಪು ಅಂಗಿಯವನನ್ನು ಕಂಡಾಗೆಲ್ಲ ಕುತ್ತಿಗೆ ನೊಂದರೆ, ಕೆಂಪು ಅಂಗಿಯೇ ವೈರಿ.

ಅಮೆರಿಕದ ಡೆನ್ವರ್ ನಗರದಲ್ಲಿ ನಡೆದು 1994ರಲ್ಲಿ ಪ್ರಕಟವಾದ ಅಧ್ಯಯನವೊಂದು ಮನೆಯವರಲ್ಲದವರನ್ನು ಕಚ್ಚಿದ ನಾಯಿಗಳನ್ನೂ ಕಚ್ಚದ ನಾಯಿಗಳನ್ನೂ ಹೋಲಿಸಿತು. ಕಚ್ಚಿದವುಗಳ ಪೈಕಿ ಗಂಡು ನಾಯಿಗಳು, ಸಂತಾನಶಕ್ತಿಹರಣ ಆಗದವು, ಅಂಗಳದಲ್ಲಿ ಸರಪಳಿ ಹಾಕಿ ಕಟ್ಟುವವು ಎದ್ದು ಕಾಣುವಷ್ಟು ಹೆಚ್ಚಾಗಿದ್ದವು. ಕಚ್ಚುತ್ತವೆಂದೇ ಕಟ್ಟಿದ ನಾಯಿಗಳೂ ಅವುಗಳಲ್ಲಿ ಇದ್ದಿರಬಹುದು, ಒಪ್ಪೋಣ. ಆದರೂ ಕಟ್ಟಿದ ಮಾತ್ರಕ್ಕೆ ಜನ ಸುರಕ್ಷಿತ ಎಂಬ ನಂಬಿಕೆ ಅಲ್ಲಿ ನಿಲ್ಲಲಿಲ್ಲ.

ಕಟ್ಟಿಹಾಕುವುದರ ಕೇಡನ್ನು ನಮ್ಮ ಕಾನೂನು ಆ ಅಧ್ಯಯನಕ್ಕೂ ಬಹಳ ಮೊದಲೇ ಗುರುತಿಸಿದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮು ತೀರ ಗಿಡ್ಡ ಅಥವಾ ತೀರ ಭಾರದ ಸರಪಳಿಯಲ್ಲಿ ಪ್ರಾಣಿಯನ್ನು ಬಹಳ ಹೊತ್ತು ಕಟ್ಟುವುದನ್ನು ಅಪರಾಧ ಎನ್ನುತ್ತದೆ. ಅಷ್ಟೇ ಅಲ್ಲ, ಸದಾ ಕಟ್ಟಿಹಾಕಿದ ಅಥವಾ ಕೂಡಿಹಾಕಿದ ನಾಯಿಯನ್ನು ಅಡ್ಡಾಡಿಸದೆ ಬಿಡುವುದನ್ನೂ ಪ್ರತ್ಯೇಕವಾಗಿ ಹೆಸರಿಸಿ ಅಪರಾಧಗಳ ಪಟ್ಟಿಗೆ ಸೇರಿಸಿದೆ. ಇಂಥದೊಂದು ಕಲಮು ಇದೆ ಎಂಬುದೇ ನಾಯಿ ಸಾಕಿದ ಎಷ್ಟೋ ಮನೆಗಳಿಗೆ ಗೊತ್ತಿಲ್ಲ.

ಹಾಗೆಂದು ಸರಪಳಿ ಬಿಚ್ಚಿ ಓಣಿಗೆ ಬಿಡಿ ಎಂದು ಯಾರೂ ಹೇಳುತ್ತಿಲ್ಲ. ಕಟ್ಟಲೇಬೇಕಾದರೆ ಹಿತ್ತಲಲ್ಲಿ, ಜನ ಹಾಯದ ಕಡೆ ಕಟ್ಟಬಹುದು. ಎರಡು ಕಂಬಗಳ ನಡುವೆ ತಂತಿ ಬಿಗಿದು ಅದರ ಮೇಲೆ ಹಗ್ಗ ಜಾರುವಂತೆ ಮಾಡಿದರೆ ನಾಯಿಗೆ ನಾಲ್ಕಡಿಯ ಬದಲು ಹಿತ್ತಲಿನ ಉದ್ದವೇ ಸಿಗುತ್ತದೆ. ಬೆಳಿಗ್ಗೆ, ಸಂಜೆ ಹಗ್ಗ ಹಿಡಿದು ಹೊಳೆದಂಡೆಯವರೆಗೆ ಅಡ್ಡಾಡಿಸಿ ತಂದರೆ, ದಾರಿಯಲ್ಲಿ ಮೂಸಿ ನೋಡಲು ಬಿಟ್ಟರೆ, ಅರ್ಧ ಸಿಟ್ಟು ಮಲಪ್ರಭೆಯ ಮರಳಲ್ಲೇ ಇಳಿದುಹೋಗುತ್ತದೆ.

ಮರಿಗೆ ಲೋಕ ಪರಿಚಯವಾಗುವ ವಾರಗಳು

ನಾಯಿಯ ಸ್ವಭಾವ ರೂಪುಗೊಳ್ಳುವುದರಲ್ಲಿ ಹುಟ್ಟಿದ ಮೂರನೇ ವಾರದಿಂದ ಸುಮಾರು ಹದಿನಾಲ್ಕನೇ ವಾರದವರೆಗಿನ ಅವಧಿ ಬಹಳ ಮುಖ್ಯ. ಅಮೆರಿಕದ ಬಾರ್ ಹಾರ್ಬರಿನ ಜಾಕ್ಸನ್ ಪ್ರಯೋಗಾಲಯದಲ್ಲಿ ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ವರ್ಷಗಟ್ಟಲೆ ಮರಿಗಳನ್ನು ಸಾಕಿ, ಗಮನಿಸಿ, 1965ರಲ್ಲಿ ಇದನ್ನು ಪುಸ್ತಕವಾಗಿ ಬರೆದರು. ಆ ವಾರಗಳಲ್ಲಿ ನೋಡಿದ, ಮೂಸಿದ, ಕೇಳಿದ ಸಂಗತಿಗಳು ಮರಿಗೆ ಲೋಕದ ಸಹಜ ಭಾಗವಾಗುತ್ತವೆ. ಆಗ ಕಾಣದ್ದು ಮುಂದೆ ಅಂಜಿಕೆ ಹುಟ್ಟಿಸುತ್ತದೆ.

ಈ ವಿಷಯದಲ್ಲಿ ಚೊಳಚಗುಡ್ಡದ ಮರಿ ಬೆಂಗಳೂರಿನ ಮರಿಗಿಂತ ಪುಣ್ಯವಂತ. ಕಣ್ಣು ಬಿಟ್ಟಾಗಿನಿಂದ ಅದು ಎಮ್ಮೆ ಕಂಡಿದೆ, ಕೋಳಿ ಕಂಡಿದೆ, ಟ್ರ್ಯಾಕ್ಟರಿನ ಸದ್ದು ಕೇಳಿದೆ, ಹತ್ತು ಮಕ್ಕಳ ಕೈ ಹಾದಿದೆ, ಟವೆಲ್ ಸುತ್ತಿದ ಮುದುಕರನ್ನೂ ತಲೆ ಮೇಲೆ ಬುಟ್ಟಿ ಹೊತ್ತ ಹೆಂಗಸರನ್ನೂ ನೋಡಿದೆ. ಮಹಡಿ ಮನೆಯಲ್ಲಿ ಬೆಳೆದ ಮರಿಗೆ ಲಿಫ್ಟಿನ ಬಾಗಿಲು, ಮಾಲೀಕರ ನಾಲ್ಕು ಮುಖ ಬಿಟ್ಟರೆ ಬೇರೆ ಲೋಕವಿಲ್ಲ.

ಹಳ್ಳಿಯ ಮರಿಗೆ ಕೇಡು ಬರುವುದು ಆಮೇಲೆ. ನಾಲ್ಕೈದು ತಿಂಗಳಾಗಿ ಮೈ ಬಲಿಯುತ್ತಿದ್ದಂತೆ, ‘ಎಲ್ಲಾರ ಕೂಡ ಸಲಿಗಿ ಆದ್ರ ಕಳ್ಳಗ ಬೊಗಳಂಗಿಲ್ಲ’ ಎಂದು ಕಟ್ಟುತ್ತಾರೆ. ಯಾರೂ ಮುಟ್ಟಬಾರದು, ಯಾರೂ ತಿನ್ನಲು ಕೊಡಬಾರದು. ಖಾರ ತಿನ್ನಿಸಿದರೆ ಸಿಟ್ಟು ಏರುತ್ತದೆ ಎಂಬ ನಂಬಿಕೆಯೂ ಉಂಟು. ಖಾರದಿಂದ ಏರುವುದು ಹೊಟ್ಟೆಯುರಿ. ನಾಲ್ಕೈದು ತಿಂಗಳು ಲೋಕವೆಲ್ಲ ತನ್ನದೆಂದು ಬೆಳೆದ ಮರಿಗೆ ಒಮ್ಮೆಲೇ ನಾಲ್ಕಡಿಯ ಬದುಕು. ಕಾವಲಿಗೆ ಬೇಕಾದದ್ದು ಹೊಸಬರು ಬಂದಾಗ ಬೊಗಳಿ ಮನೆಯವರನ್ನು ಎಬ್ಬಿಸುವ ನಾಯಿ. ಅದನ್ನು ನಾಯಿಗೆ ಯಾರೂ ಕಲಿಸಬೇಕಿಲ್ಲ. ಕಚ್ಚುವುದು ಕಾವಲಿಗೆ ಬೇಕಾದ ಗುಣವಲ್ಲ, ಏಕೆಂದರೆ ಕಳ್ಳ ಎಂದೋ ಒಂದು ದಿನ ಬರುವವನು, ನೆಂಟರ ಮಕ್ಕಳು ವರ್ಷವಿಡೀ ಬರುವವರು.

ಮುಧೋಳದ ನಾಯಿ, ಕುರಿಹಟ್ಟಿಯ ನಾಯಿ

ಬಾಗಲಕೋಟೆ ಜಿಲ್ಲೆಯಲ್ಲಿ ಕುಳಿತು ನಾಯಿಯ ಬಗ್ಗೆ ಬರೆಯುವಾಗ ಮುಧೋಳ ನಾಯಿಯನ್ನು ಬಿಟ್ಟು ಬರೆಯಲಾಗದು. ಘೋರ್ಪಡೆ ಅರಸರ ಆಸರೆಯಲ್ಲಿ ಹೆಸರಾದ ಈ ತಳಿಯ ಚಿತ್ರ 2005ರ ಅಂಚೆ ಚೀಟಿಯ ಮೇಲೆ ಬಂತು. ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರವಿದೆ. 2020ರ ಆಗಸ್ಟಿನಲ್ಲಿ ಪ್ರಧಾನಿ ನರೇಂದ್ರ ಮೋದಿ ‘ಮನ್ ಕಿ ಬಾತ್’ನಲ್ಲಿ ಹೆಸರು ಹೇಳಿದ ಮೇಲೆ ದೂರದ ನಗರಗಳಿಂದಲೂ ಮರಿ ಕೇಳಿ ಬರುವವರು ಹೆಚ್ಚಾದರು.

ಇದು ಕಣ್ಣಿನಿಂದ ಬೇಟೆಯಾಡುವ ನಾಯಿ. ದೂರದಲ್ಲಿ ಏನಾದರೂ ಸರ್ರನೆ ಓಡಿತೆಂದರೆ ಅದರ ಕಾಲು ತಾನಾಗಿ ಎದ್ದೇಳುತ್ತದೆ. ಇಲ್ಲಿ ಒಂದು ವ್ಯತ್ಯಾಸ ತಿಳಿದಿರಬೇಕು. ಬೇಟೆಯ ಬೆನ್ನು ಹತ್ತಿದ ನಾಯಿಗೆ ಸಿಟ್ಟಿರುವುದಿಲ್ಲ. ಅದು ಗುರುಗುಟ್ಟುವುದಿಲ್ಲ, ಹಲ್ಲು ತೋರಿಸುವುದಿಲ್ಲ, ಸದ್ದಿಲ್ಲದೆ ಓಡುತ್ತದೆ. ಕೋಳಿ, ಆಡಿನ ಮರಿ, ಕೆಲವೊಮ್ಮೆ ಸೈಕಲ್ ತುಳಿಯುವ ಹುಡುಗ ಅದರ ಕಣ್ಣಿಗೆ ಓಡುವ ವಸ್ತುವಾಗಬಹುದು. ಭಯವನ್ನು ತಿದ್ದುವ ಉಪಾಯಗಳು ಇಲ್ಲಿ ಹೆಚ್ಚು ಕೆಲಸ ಮಾಡುವುದಿಲ್ಲ. ಗಟ್ಟಿ ಬೇಲಿ, ಕೈಯಲ್ಲಿ ಹಗ್ಗ, ದಿನಾ ಮೈತುಂಬ ಓಟ ಬೇಕು. ಹೊಲದಲ್ಲಿ ಮೊಲ ಅಟ್ಟುವ ಮೈಕಟ್ಟಿನ ನಾಯಿಯನ್ನು ಎರಡು ಕೋಣೆಯ ಮನೆಯಲ್ಲಿಟ್ಟು ‘ಹಟಮಾರಿ’ ಎನ್ನುವುದು ಆ ನಾಯಿಗೆ ಮಾಡುವ ಅನ್ಯಾಯ. ಮುಧೋಳ ನಾಯಿ ಮನೆಯವರಿಗೆ ಅಂಟಿಕೊಳ್ಳುವಷ್ಟೇ ಹೊಸಬರ ಸ್ಪರ್ಶಕ್ಕೆ ಅಳುಕುತ್ತದೆ. ಮೈ ಸವರಲು ಬರುವ ನೆಂಟರಿಗೆ ಅದನ್ನು ಮೊದಲೇ ಹೇಳುವುದು ಸಾಕಿದವರ ಹೊಣೆ.

ನಾಯಿಯ ಕೆಚ್ಚನ್ನು ನಾವು ಹಿಂದಿನಿಂದಲೂ ಮೆಚ್ಚುತ್ತ ಬಂದವರು. ಮಂಡ್ಯ ಜಿಲ್ಲೆಯ ಆತಕೂರಿನ ಹತ್ತನೇ ಶತಮಾನದ ಶಾಸನ ಮಣಲೇರ ಎಂಬವನ ನಾಯಿ ಕಾಳಿ ಕಾಡುಹಂದಿಯೊಡನೆ ಹೋರಾಡಿ, ಅದನ್ನು ಕೊಂದು ತಾನೂ ಸತ್ತದ್ದನ್ನು ಹೇಳುತ್ತದೆ. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಾಳಿಗೆ ಕೆಲಸವಿತ್ತು, ಕಾಡಿತ್ತು, ಜತೆಗೆ ಒಡೆಯನಿದ್ದ.

ಇವತ್ತಿಗೂ ಅಂಥ ಕೆಲಸವಿರುವ ನಾಯಿಯನ್ನು ನೋಡಬೇಕೆಂದರೆ ಕುರಿಹಟ್ಟಿಗೆ ಹೋಗಬೇಕು. ಸುಗ್ಗಿ ಮುಗಿದ ಹೊಲಗಳಲ್ಲಿ ಕುರಿ ನಿಲ್ಲಿಸಿದಾಗ ರಾತ್ರಿ ತೋಳ ಬಂದೀತೆಂದು ಸುತ್ತುವ ನಾಯಿ ಹಗಲಲ್ಲಿ ಕುರಿಮರಿಗಳ ನಡುವೆ ಮಲಗಿರುತ್ತದೆ. ಹಟ್ಟಿಯ ದಾರಿ ಬಲ್ಲವರು ನೇರ ಒಳಗೆ ನಡೆಯುವುದಿಲ್ಲ. ದೂರದಲ್ಲೇ ನಿಂತು ‘ಯಣ್ಣಾ, ನಾಯಿ ಹಿಡಿಯೋ’ ಎಂದು ಕೂಗುತ್ತಾರೆ. ಕುರಿಗಾರ ಒಂದು ಮಾತು ಹೇಳಿದ ಮೇಲೆ ನಾಯಿ ಬೊಗಳುತ್ತಲೇ ಹಿಂದೆ ಸರಿಯುತ್ತದೆ. ನಾಯಿಗೆ ಜಾಗವಿದೆ, ಕೆಲಸವಿದೆ, ಬಂದವರಿಗೆ ದೂರದ ಅರಿವಿದೆ. ನಾಯಿಯ ನಡತೆ ತಿದ್ದುವವರು ಪುಸ್ತಕಗಳಲ್ಲಿ ಹೇಳುವುದರ ಬಹುಭಾಗ ಇಷ್ಟೇ.

ತಳಿಯ ಮೇಲೆ ಹೊರಿಸಿದ ದೋಷ

2022ರಲ್ಲಿ ಲಖನೌದಲ್ಲಿ ಪಿಟ್‌ಬುಲ್ ದಾಳಿಗೆ ವೃದ್ಧೆಯೊಬ್ಬರು ಸತ್ತಾಗ, 2024ರ ಮೇನಲ್ಲಿ ಚೆನ್ನೈನ ಉದ್ಯಾನದಲ್ಲಿ ಎರಡು ರಾಟ್‌ವೀಲರ್‌ಗಳು ಐದು ವರ್ಷದ ಬಾಲಕಿಯ ಮೇಲೆರಗಿದಾಗ ದೇಶವೇ ಬೆಚ್ಚಿತು. ಈ ಎರಡರ ನಡುವೆ, 2024ರ ಮಾರ್ಚ್ 12ರಂದು, ಕೇಂದ್ರ ಸರ್ಕಾರ 23 ತಳಿಗಳ ಆಮದು, ಸಾಕಣೆ, ಮಾರಾಟ ನಿಲ್ಲಿಸಲು ರಾಜ್ಯಗಳಿಗೆ ಸುತ್ತೋಲೆ ಕಳಿಸಿತ್ತು. ಸಂಬಂಧಪಟ್ಟವರ ಮಾತು ಕೇಳದೆ ಹೊರಡಿಸಿದ್ದೆಂದು ಕರ್ನಾಟಕ ಹೈಕೋರ್ಟ್ ಏಪ್ರಿಲ್‌ನಲ್ಲಿ ಅದನ್ನು ರದ್ದು ಮಾಡಿತು, ನಿಯಮದಂತೆ ಹೊಸದಾಗಿ ಕ್ರಮ ಕೈಗೊಳ್ಳಲು ಸರ್ಕಾರಕ್ಕೆ ಅವಕಾಶ ಉಳಿಸಿತು.

ದೊಡ್ಡ ದವಡೆಯ, ಭಾರದ ಮೈಯ ನಾಯಿ ಕಚ್ಚಿದರೆ ಗಾಯ ಭೀಕರ. ಅಂಥ ನಾಯಿ ಸಾಕುವವರ ಹೊಣೆಯೂ ಅಷ್ಟೇ ದೊಡ್ಡದು. ಇದರಲ್ಲಿ ಎರಡು ಮಾತಿಲ್ಲ. ಆದರೆ ತಳಿಯ ಹೆಸರು ನೋಡಿ ಸ್ವಭಾವ ಹೇಳಬಹುದೇ? 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನ 18 ಸಾವಿರಕ್ಕೂ ಹೆಚ್ಚು ನಾಯಿಗಳ ಮಾಲೀಕರಿಂದ ವಿವರ ಪಡೆದು ನೋಡಿತು. ನಾಯಿ ನಾಯಿಗೂ ನಡತೆಯಲ್ಲಿ ಕಂಡ ವ್ಯತ್ಯಾಸದಲ್ಲಿ ತಳಿಯಿಂದ ವಿವರಿಸಬಹುದಾದದ್ದು ಸುಮಾರು ಶೇ 9 ಮಾತ್ರ. ಉಳಿದದ್ದು ಆಯಾ ನಾಯಿಯ ಹುಟ್ಟು, ಬೆಳವಣಿಗೆ, ಬದುಕಿಗೆ ಸೇರಿದ್ದು. ‘ನಮ್ಮದು ಲ್ಯಾಬ್ರಡಾರ್, ಕಚ್ಚೋದಿಲ್ಲ’ ಎಂಬ ಧೈರ್ಯ ‘ಅದು ರಾಟ್‌ವೀಲರ್, ಕಚ್ಚೇ ಕಚ್ಚುತ್ತೆ’ ಎಂಬ ಭಯದಷ್ಟೇ ತಪ್ಪು ಲೆಕ್ಕ.

ಹೊಡೆದು ಬಗ್ಗಿಸುವ ದಾರಿ

ನಾಯಿ ನಮ್ಮನ್ನು ಆಳಲು ನೋಡುತ್ತದೆ, ನಾವೇ ಒಡೆಯರೆಂದು ತೋರಿಸಬೇಕು ಎಂಬ ಮಾತು ತರಬೇತುದಾರರ ಬಾಯಲ್ಲಿ ಈಗಲೂ ಕೇಳುತ್ತದೆ. ಇದರ ಮೂಲ 1947ರಲ್ಲಿ ರುಡಾಲ್ಫ್ ಶೆಂಕೆಲ್ ಬಾಸೆಲ್ ಮೃಗಾಲಯದ ಕೂಡಿಹಾಕಿದ ತೋಳಗಳನ್ನು ನೋಡಿ ಬರೆದದ್ದು. ಆ ಕಲ್ಪನೆಯನ್ನು ತಮ್ಮ ಪುಸ್ತಕದ ಮೂಲಕ ಹರಡಿದ ಅಮೆರಿಕದ ಡೇವಿಡ್ ಮೆಕ್ ಅವರೇ ಮುಂದೆ ಕಾಡಿನ ತೋಳಗಳ ನಡುವೆ ಬೇಸಿಗೆಗಳನ್ನು ಕಳೆದು, 1999ರಲ್ಲಿ ಅದನ್ನು ತಿದ್ದಿದರು. ಕಾಡಿನ ತೋಳದ ಹಿಂಡು ಎಂದರೆ ಅಪ್ಪ, ಅಮ್ಮ, ಮಕ್ಕಳು. ಅಲ್ಲಿ ಗದ್ದುಗೆಗಾಗಿ ನಿತ್ಯ ಕಾದಾಟ ಇರುವುದಿಲ್ಲ.

ಹೊಡೆತ ಫಲ ಕೊಡುವುದಿಲ್ಲ ಎಂಬುದಕ್ಕೆ ಲೆಕ್ಕವೂ ಇದೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಪಶುವೈದ್ಯರು 2009ರಲ್ಲಿ 140 ಮಾಲೀಕರನ್ನು ಕೇಳಿ ಬರೆದ ವರದಿಯಲ್ಲಿ, ನಾಯಿಗೆ ಹೊಡೆದ ಅಥವಾ ಒದ್ದವರಲ್ಲಿ ಶೇ 43ರಷ್ಟು ಜನ ನಾಯಿ ತಿರುಗಿಬಿತ್ತು ಎಂದಿದ್ದರು.

ದೂರ, ತಿನಿಸು, ತಾಳ್ಮೆ

ಸಿಟ್ಟಿನ ನಾಯಿಯನ್ನು ‘ವಾಸಿ’ ಮಾಡುತ್ತೇವೆಂದು ಮಾತು ಕೊಡುವವರನ್ನು ನಂಬಬೇಡಿ. ಮಾಡಬಹುದಾದದ್ದು ಎರಡು: ಕಚ್ಚುವ ಸಂದರ್ಭ ಬರದಂತೆ ಮನೆಯ ವ್ಯವಸ್ಥೆ ಬದಲಿಸುವುದು, ನಿಧಾನವಾಗಿ ಭಯದ ಜಾಗದಲ್ಲಿ ಒಳ್ಳೆಯ ನೆನಪು ಕೂರಿಸುವುದು.

ಮೊದಲು ವೈದ್ಯರ ಪರೀಕ್ಷೆ. ಬಾದಾಮಿಯಂಥ ತಾಲ್ಲೂಕು ಕೇಂದ್ರದ ಪಶು ಆಸ್ಪತ್ರೆಯಲ್ಲಿ ಕಿವಿ, ಹಲ್ಲು, ಕೀಲುಗಳನ್ನು ತೋರಿಸಬಹುದು. ಹೆಚ್ಚಿನದು ಬೇಕಾದರೆ ಗದಗಿನಲ್ಲಿ ಪಶುವೈದ್ಯಕೀಯ ಕಾಲೇಜಿದೆ. ಆಮೇಲೆ ಒಂದು ನೋಟ್‌ಬುಕ್ ಇಡಿ. ಯಾವಾಗ ಗುರುಗುಟ್ಟಿತು, ಯಾರನ್ನು ಕಂಡು, ಎಷ್ಟು ದೂರದಿಂದ, ಅದಕ್ಕೆ ಮುಂಚೆ ಏನು ನಡೆದಿತ್ತು ಎಂದು ಬರೆಯಿರಿ. ಕೆಲ ದಿನಗಳಲ್ಲಿ ‘ಸುಮ್ಮಸುಮ್ಮನೆ’ ಎಂಬ ಮಾತು ತಾನಾಗಿ ಬಿದ್ದುಹೋಗುತ್ತದೆ. ಹೆಲ್ಮೆಟ್ ಹಾಕಿದವರು, ಬಡಿಗೆ ಊರುವ ಅಜ್ಜ, ಅನ್ನದ ತಟ್ಟೆಯ ಹತ್ತಿರ ಸುಳಿಯುವ ಮಗು, ಹೀಗೆ ಏನೋ ಒಂದು ಮತ್ತೆ ಮತ್ತೆ ಕಾಣುತ್ತದೆ.

ನೆಂಟರು ಬರುವ ದಿನ ನಾಯಿ ಹಿಂದಿನ ಕೋಣೆಯಲ್ಲಿ, ಬಾಗಿಲು ಹಾಕಿ, ನೀರು ಇಟ್ಟು. ಪಟಾಕಿ, ಮೈಕಿನ ರಾತ್ರಿಗಳಲ್ಲೂ ಹಾಗೇ. ಇದನ್ನು ಶಿಕ್ಷೆಯಂತೆ ಮಾಡಬಾರದು. ಉಳಿದ ದಿನಗಳಲ್ಲೂ ಆ ಕೋಣೆಯಲ್ಲೇ ಊಟ ಕೊಟ್ಟು ರೂಢಿ ಮಾಡಿಸಿದರೆ ಅದು ತಾನಾಗಿ ಹೋಗಿ ಮಲಗುತ್ತದೆ.

ಹೊರಗೆ ಕರೆದೊಯ್ಯಲೇಬೇಕಾದ, ಕಚ್ಚುವ ಅಪಾಯವಿರುವ ನಾಯಿಗೆ ಬುಟ್ಟಿಯಾಕಾರದ ಬಾಯಿಕುಕ್ಕೆ ಹಾಕುವುದರಲ್ಲಿ ನಾಚಿಕೆ ಬೇಡ. ಎಡೆ ಹೊಡೆಯುವಾಗ ಎತ್ತಿನ ಬಾಯಿಗೆ ಕುಕ್ಕೆ ಕಟ್ಟುವ ರೈತನನ್ನು ಯಾರೂ ಕ್ರೂರಿ ಎನ್ನುವುದಿಲ್ಲ. ಬೆಳೆ ಉಳಿಯಬೇಕು, ಎತ್ತೂ ಪೆಟ್ಟು ತಿನ್ನಬಾರದು, ಅದಕ್ಕೆ. ನಾಯಿ ಬಾಯಿ ತೆರೆದು ಏದುವಷ್ಟು, ನೀರು ಕುಡಿಯುವಷ್ಟು ಜಾಗ ಅದರಲ್ಲಿರಬೇಕು. ಬಾಯಿಯನ್ನು ಬಟ್ಟೆಯಿಂದ ಬಿಗಿದು ನಮ್ಮ ಬಿಸಿಲಲ್ಲಿ ನಡೆಸಿದರೆ ನಾಯಿ ಸತ್ತೇಹೋಗಬಹುದು.

ಇನ್ನು ಭಯ ತಿದ್ದುವ ಕೆಲಸ. ಹಾಲಿನವನನ್ನೇ ತೆಗೆದುಕೊಳ್ಳೋಣ. ನಾಯಿಗೆ ಅವನು ಕಾಣಬೇಕು, ಆದರೆ ಬೊಗಳುವಷ್ಟು ಹತ್ತಿರವಿರಬಾರದು. ಅಂಥ ದೂರ ಹುಡುಕಿ ನಾಯಿಯನ್ನು ಹಗ್ಗದಲ್ಲಿ ಹಿಡಿದು ನಿಲ್ಲಿ. ಅವನು ಕಂಡ ಕೂಡಲೇ ಬೇಯಿಸಿದ ಮೊಟ್ಟೆಯ ಚೂರೋ ಕೋಳಿಯ ತುಣುಕೋ ಕೊಡುತ್ತ ಹೋಗಿ, ಅವನು ಮರೆಯಾದ ಮೇಲೆ ನಿಲ್ಲಿಸಿ. ದಿನವೂ ತಿನ್ನುವ ರೊಟ್ಟಿ ಇದಕ್ಕೆ ನಡೆಯದು. ಹಲವು ದಿನಗಳ ಮೇಲೆ ಹಾಲಿನವನು ಕಂಡೊಡನೆ ನಾಯಿ ನಿಮ್ಮ ಕೈ ನೋಡಲು ಶುರುಮಾಡುತ್ತದೆ. ಆಗ ಎರಡು ಹೆಜ್ಜೆ ಹತ್ತಿರ ಹೋಗಬಹುದು. ಬೊಗಳಿತೇ, ಅವಸರ ಮಾಡಿದ್ದೀರಿ, ಹಿಂದೆ ಸರಿಯಿರಿ. ತಿಂಗಳುಗಳೇ ಬೇಕಾಗಬಹುದು. ಭಯ ತೀರ ಹೆಚ್ಚಿದ್ದರೆ ಫ್ಲುಯೊಕ್ಸೆಟಿನ್‌ನಂಥ ಔಷಧವನ್ನು ಪಶುವೈದ್ಯರು ಕೊಡುವುದುಂಟು. ಮನುಷ್ಯರ ಮಾತ್ರೆಯನ್ನು ನಾವೇ ಅಳತೆ ಮಾಡಿ ಕೊಡಲೇಬಾರದು.

ಮಕ್ಕಳ ವಿಷಯದಲ್ಲಿ ರಿಯಾಯಿತಿ ಬೇಡ. ಸಣ್ಣ ಮಕ್ಕಳಿಗೆ ಆಗುವ ಕಡಿತಗಳಲ್ಲಿ ಬಹಳಷ್ಟು ಗುರುತಿರುವ ನಾಯಿಯಿಂದಲೇ, ಅದೂ ಮುಖಕ್ಕೆ. ನಾಯಿ ಎಷ್ಟೇ ಸಾಧುವಾಗಿರಲಿ, ಚಿಕ್ಕ ಮಗುವನ್ನು ಅದರೊಡನೆ ಒಂಟಿಯಾಗಿ ಬಿಡಬಾರದು. ತಿನ್ನುವ, ಮಲಗಿದ, ಕಟ್ಟಿಹಾಕಿದ, ಮರಿಗಳಿರುವ ನಾಯಿಯ ಹತ್ತಿರ ಹೋಗಬಾರದು, ಅಪ್ಪಿಕೊಳ್ಳಬಾರದು ಎಂದು ಮಕ್ಕಳಿಗೆ ಹೇಳಿಕೊಡಬೇಕು. ನಾಯಿ ಬೆನ್ನಟ್ಟಿದರೆ ಓಡದೆ, ಕೈ ಮೈಗೆ ಒತ್ತಿ, ನೆಲ ನೋಡುತ್ತ ಕಂಬದಂತೆ ನಿಲ್ಲುವುದನ್ನು ಶಾಲೆಯಲ್ಲೇ ಆಟದಂತೆ ಕಲಿಸಬಹುದು.

ಕಚ್ಚಿದ ಮೇಲೆ

ಸಾಕಿದ ನಾಯಿಯೇ ಆಗಲಿ, ಹಲ್ಲು ತಾಗಿದ ಜಾಗವನ್ನು ಸೋಪು ಹಚ್ಚಿ ಹರಿಯುವ ನೀರಲ್ಲಿ 15 ನಿಮಿಷ ತೊಳೆಯಬೇಕು. ಸುಣ್ಣ, ಅರಿಷಿಣ, ಖಾರದಪುಡಿ ಯಾವುದನ್ನೂ ಮೆತ್ತಬಾರದು. ಕೂಡಲೇ ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಚರ್ಮದೊಳಗೆ ಕೊಡುವ ರೇಬೀಸ್ ಲಸಿಕೆಯ ದಿನಗಳು 0, 3, 7 ಮತ್ತು 28. ಚರ್ಮ ಸೀಳಿ ರಕ್ತ ಬಂದಿದ್ದರೆ ಗಾಯದ ಸುತ್ತ ಇಮ್ಯುನೊಗ್ಲೋಬ್ಯುಲಿನ್ ಚುಚ್ಚುಮದ್ದೂ ಬೇಕು. ನಾಯಿಯನ್ನು ಹೊಡೆದು ಕೊಲ್ಲದೆ ಹತ್ತು ದಿನ ಗಮನಿಸಬೇಕು, ಆದರೆ ಅದಕ್ಕಾಗಿ ಲಸಿಕೆ ಶುರುಮಾಡಲು ಕಾಯಬಾರದು. ಸಾಧುವಾಗಿದ್ದ ನಾಯಿ ಕಾರಣವಿಲ್ಲದೆ ಕಂಡಕಂಡದ್ದಕ್ಕೆ ಬಾಯಿ ಹಾಕುತ್ತಿದ್ದರೆ, ದನಿ ಬದಲಾಗಿ ಜೊಲ್ಲು ಸುರಿಸುತ್ತಿದ್ದರೆ ಅದು ನಡತೆಯ ಸಮಸ್ಯೆ ಅಲ್ಲದಿರಬಹುದು. ಲಕ್ಷಣ ಕಾಣಿಸಿಕೊಂಡ ಮೇಲೆ ರೇಬೀಸ್‌ಗೆ ಮದ್ದಿಲ್ಲ. ಕರ್ನಾಟಕ 2022ರ ಡಿಸೆಂಬರ್‌ನಲ್ಲಿ ಮನುಷ್ಯರ ರೇಬೀಸನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆ ಎಂದು ಘೋಷಿಸಿದೆ. ಮೂರು ತಿಂಗಳಿಗೆ ಮರಿಗೆ ಮೊದಲ ರೇಬೀಸ್ ಲಸಿಕೆ, ಆಮೇಲೆ ವೈದ್ಯರು ಹೇಳಿದಂತೆ ಮರುಲಸಿಕೆ, ಇದನ್ನು ತಪ್ಪಿಸುವಂತಿಲ್ಲ.

ಕಾನೂನಿನ ಹೊಣೆಯೂ ಇದೆ. ತನ್ನ ವಶದಲ್ಲಿರುವ ಪ್ರಾಣಿಯಿಂದ ಇತರರಿಗೆ ಅಪಾಯವಾಗದಂತೆ ನೋಡಿಕೊಳ್ಳದವರಿಗೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮು ಆರು ತಿಂಗಳವರೆಗೆ ಸೆರೆ, 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡನ್ನೂ ವಿಧಿಸುತ್ತದೆ.

ತಿದ್ದಲಾಗದ ನಾಯಿ

ಇಷ್ಟೆಲ್ಲ ಮಾಡಿದರೂ ಕೆಲವು ನಾಯಿಗಳ ಜತೆ ಬದುಕುವುದು ಸಾಧ್ಯವಾಗುವುದಿಲ್ಲ. ಮನೆಯಲ್ಲಿ ಕೂಸು ಇರುತ್ತದೆ, ಹಾಸಿಗೆ ಹಿಡಿದ ಹಿರಿಯರು ಇರುತ್ತಾರೆ, ನಾಯಿ ಎರಡು ಮೂರು ಸಲ ಆಳವಾಗಿ ಕಚ್ಚಿರುತ್ತದೆ. ಆಗ ಹೆಚ್ಚಿನವರು ಮಾಡುವುದು ದೂರದ ಹೆದ್ದಾರಿಯಲ್ಲಿ ಬಿಟ್ಟುಬರುವುದು, ಇಲ್ಲವೇ ಕಚ್ಚಿದ ವಿಷಯ ಮುಚ್ಚಿಟ್ಟು ತೋಟದವರಿಗೆ ಕೊಡುವುದು. ಮೊದಲನೆಯದು 1960ರ ಕಾಯ್ದೆಯಡಿ ಅಪರಾಧ. ಎರಡನೆಯದರಲ್ಲಿ ತೋಟದ ಕೂಲಿಯವರ ಮಕ್ಕಳು ಬೆಲೆ ತೆರುತ್ತಾರೆ.

ಮಕ್ಕಳಿಲ್ಲದ, ಗಟ್ಟಿ ಬೇಲಿಯ, ನಾಯಿ ಬಲ್ಲವರ ಮನೆ ಸಿಕ್ಕರೆ ಇದ್ದದ್ದನ್ನು ಇದ್ದಹಾಗೆ ಹೇಳಿ, ನೋಟ್‌ಬುಕ್ಕನ್ನೂ ಜತೆಗೆ ಕೊಟ್ಟು ಕಳಿಸಬೇಕು. ಅಂಥ ಮನೆ ಸಿಗದಿದ್ದರೆ, ನೋವು ಮತ್ತು ಭಯದಲ್ಲೇ ದಿನ ನೂಕುವ ನಾಯಿಗೆ ಪಶುವೈದ್ಯರು ದಯಾಮರಣದ ಮಾತು ಎತ್ತಬಹುದು. ಅದನ್ನು ಕೇಳಿಸಿಕೊಳ್ಳುವುದು ಬಹಳ ಕಷ್ಟ. ಆ ತೀರ್ಮಾನ ಸಿಟ್ಟಿನ ಗಳಿಗೆಯಲ್ಲಿ ಬಡಿಗೆ ಹಿಡಿದವರ ಕೈಗೆ ಹೋಗದೆ, ವೈದ್ಯರ ಮೇಜಿನ ಮೇಲೆ, ಮನೆಯವರೆಲ್ಲ ಕೂತು ಮಾತಾಡಿದ ನಂತರ ಆಗಬೇಕು. ಆ ಹೊತ್ತಿನಲ್ಲಿ ನಾಯಿಯ ತಲೆಯ ಮೇಲೆ ಅದಕ್ಕೆ ಗುರುತಿರುವ ಒಂದು ಕೈ ಇರಬೇಕು.